ಚಂದ್ರಗಿರಿಯಿಂದ ನೆಲ್ಲಿಕುಂಜಕ್ಕೆ: ಕಾಸರಗೋಡು ಪಟ್ಟಣದಲ್ಲಿ ಸ್ಥಳನಾಮಗಳ ಜಾಡಿನ ನಡಿಗೆ

ಕಾಸರಗೋಡು ಪಟ್ಟಣವನ್ನು ಕಾಲ್ನಡಿಗೆಯಲ್ಲಿ ನೋಡಬಯಸುವವರು ಚಂದ್ರಗಿರಿ ಕೋಟೆಯಿಂದ ಹೊರಡುವುದು ಉಚಿತ. ಕೋಟೆ ಇರುವುದು ಪಟ್ಟಣದಲ್ಲಲ್ಲ. ಹೊಳೆಯ ದಕ್ಷಿಣ ದಂಡೆಯ ಗುಡ್ಡದ ಮೇಲೆ. ಆದರೆ ಪಟ್ಟಣದ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಈ ಹೊಳೆಯನ್ನು ಒಮ್ಮೆ ದಾಟಲೇಬೇಕು. ತುಳುನಾಡಿಗೂ ಮಲಯಾಳ ನಾಡಿಗೂ ಚಂದ್ರಗಿರಿ ಹೊಳೆಯೇ ಗಡಿ ಎಂಬ ಎಣಿಕೆ ಬಹುಕಾಲದಿಂದ ಬಂದುದು. ಮುರಕಲ್ಲಿನ ಈ ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕನೆಂದು ಪ್ರಸಿದ್ಧಿ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿತು; 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಈ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಮೊದಲನೆಯದು ಜಾರಿಗೆ ಬಂತು, ಎರಡನೆಯದು ಕಡತದಲ್ಲಿ ಉಳಿಯಿತು.

ಸೇತುವೆ ದಾಟಿ ಪಡುವಣಕ್ಕೆ ತಿರುಗಿದರೆ ತಳಂಗರೆ. ಇಲ್ಲಿಯ ಮಾಲಿಕ್ ದೀನಾರ್ ಮಸೀದಿಯನ್ನು ಪರಂಪರೆಯು ಇಸ್ಲಾಮಿನ ಆದಿಕಾಲದ ಅರಬ್ ಧರ್ಮಪ್ರಚಾರಕರೊಂದಿಗೆ ಜೋಡಿಸುತ್ತದೆ. ಕಸೂತಿಯ ತಳಂಗರೆ ಟೊಪ್ಪಿಯ ಹೆಸರು ಕಡಲಾಚೆಗೂ ಹೋಗಿದೆ. ಕವಿ ಟಿ. ಉಬೈದ್ ಈ ಊರಿನವರು. ಕನ್ನಡದಲ್ಲಿ ವಿದ್ಯಾಭ್ಯಾಸ ಮಾಡಿ ಮಲಯಾಳದಲ್ಲಿ ಬರೆದ ಅವರು ಕಾಸರಗೋಡು ಕೇರಳಕ್ಕೆ ಸೇರಬೇಕೆಂದು ಕವಿತೆಯಲ್ಲಿ ಕೇಳಿದರು. ಅದೇ ತಾಲೂಕಿನ ಕಯ್ಯಾರ ಕಿಞ್ಞಣ್ಣ ರೈಗಳು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿನುದ್ದಕ್ಕೂ ಹೋರಾಡಿದರು. ಇಬ್ಬರ ಬೇಡಿಕೆಗಳು ಎದುರುಬದುರು. ಬಹುಭಾಷೆಯ ನೆಲ ಮಾತ್ರ ಒಂದೇ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದುಗಳನ್ನು ಎಣಿಸಿ ಜನ ಈ ನಾಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ.

ತಳಂಗರೆಯಿಂದ ರೈಲ್ವೇ ನಿಲ್ದಾಣದ ಬದಿಯಾಗಿ ಪೇಟೆಗೆ ಬರುವಾಗ ಕಣ್ಣಿಗೆ ಕಟ್ಟಡಗಳಿಗಿಂತ ಹೆಚ್ಚಾಗಿ ಫಲಕಗಳು ಬೀಳುತ್ತವೆ. ಪಟ್ಟಣದ ಹೆಸರನ್ನೇ ನೋಡಿ. 'ಕಾಸರ' ಎಂದರೆ ಕಾಸರಕನ ಮರ, ಮಲಯಾಳದ 'ಕಾಞ್ಞಿರಂ', ಎಂಬುದು ಹೆಸರಿಗೆ ಕೊಡುವ ವಿವರಣೆಗಳಲ್ಲಿ ಒಂದು. ಮಲಯಾಳ ಲಿಪಿಯಲ್ಲಿ ಇದನ್ನು ಕೆಲವರು 'ಕಾಸರ್‌ಗೋಡ್' ಎಂದೂ ಕೆಲವರು 'ಕಾಸರ್‌ಕೋಡ್' ಎಂದೂ ಬರೆಯುತ್ತಾರೆ. ಒಂದರಲ್ಲಿ ಕನ್ನಡದ ಗಕಾರ ಉಳಿದಿದೆ, ಇನ್ನೊಂದು ಮಲಯಾಳದ ಜಾಯಮಾನಕ್ಕೆ ಹೊಂದಿಕೊಂಡಿದೆ.

ಪೇಟೆಯ ನಡುವಿನ ಮಲ್ಲಿಕಾರ್ಜುನ ದೇವಸ್ಥಾನದ ಪರಿಸರವನ್ನು ನೋಡಿಕೊಂಡು, ಬಾಸೆಲ್ ಮಿಶನ್ನಿನ ಹೆಸರನ್ನು ಹೊತ್ತ ಬಿ.ಇ.ಎಂ. ಶಾಲೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಗುಂಡರ್ಟರ ಮಲಯಾಳ ನಿಘಂಟು (1872), ಮೆನ್ನರರ ತುಳು ನಿಘಂಟು (1886), ಕಿಟ್ಟೆಲರ ಕನ್ನಡ ನಿಘಂಟು (1894) ಮೂರೂ ಇದೇ ಮಿಶನ್ನಿನ ವಿದ್ವಾಂಸರ ಕೆಲಸ. ಮೂರೂ ಮಂಗಳೂರಿನಲ್ಲಿ ಅಚ್ಚಾದುವು. ಕಾಸರಗೋಡಿನ ಸ್ಥಳನಾಮವೊಂದನ್ನು ಬಿಡಿಸಬೇಕಾದರೆ ಈ ಮೂರನ್ನೂ ಮೇಜಿನ ಮೇಲೆ ತೆರೆದಿಡಬೇಕಾಗುತ್ತದೆ.

ಏಕೆಂಬುದಕ್ಕೆ ಹತ್ತಿರದ ಪಿಲಿಕುಂಜವೇ ಉದಾಹರಣೆ. ಮಲಯಾಳದಲ್ಲಿ ಇದು 'ಪುಲಿಕುನ್ನ್'. ಹುಲಿಯು ಮಲಯಾಳದಲ್ಲಿ 'ಪುಲಿ', ತುಳುವಿನಲ್ಲಿ 'ಪಿಲಿ'. ಮಲಯಾಳದ 'ಒನ್ನ್' ತುಳುವಿನಲ್ಲಿ 'ಒಂಜಿ', ಕರು ಎಂಬರ್ಥದ 'ಕನ್ನ್' ತುಳುವಿನಲ್ಲಿ 'ಕಂಜಿ'. ಅದೇ ನಿಯಮದಂತೆ ಗುಡ್ಡ ಎಂಬರ್ಥದ 'ಕುನ್ನ್' 'ಕುಂಜ'ವಾಗಿದೆ ಎನ್ನಬಹುದು. ಎಂದರೆ ನಾವು ಕನ್ನಡದ್ದೆಂದು ಕಾಪಾಡಲು ಹೊರಟ ಈ ಹೆಸರು ವಸ್ತುತಃ ತುಳುವಿನದು. ನೆಲ್ಲಿಕುಂಜದ ಉತ್ತರಪದಕ್ಕೂ ಇದೇ ಮಾತು. ಕನ್ನಡದ ಬರವಣಿಗೆ ಇಂಥ ಹೆಸರುಗಳನ್ನು ಇದ್ದಂತೆಯೇ ಉಳಿಸಿಕೊಂಡು ಬಂದಿದೆ.

2021ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಹಲವು ಊರುಗಳ ಹೆಸರು ಬದಲಾಗುತ್ತಿವೆ ಎಂಬ ವಾರ್ತೆ ಹಬ್ಬಿ ಕರ್ನಾಟಕದಲ್ಲಿ ಕಳವಳ ಉಂಟಾಯಿತು. ಅಂಥ ನಿರ್ಧಾರವೇನೂ ಇಲ್ಲವೆಂದು ಕೇರಳ ಸರಕಾರ ತಿಳಿಸಿತು. ಆಗ ಚರ್ಚೆಗೆ ಬಂದ ಹೆಸರುಗಳನ್ನು ಜೋಡಿಸಿ ನೋಡಿದರೆ ಅವು ಒಂದೇ ಬಗೆಯವಲ್ಲ. ಮೊದಲನೆಯ ಬಗೆ ಧ್ವನಿಯ ಹೊಂದಾಣಿಕೆ: ಆನೆಬಾಗಿಲು 'ಆನವಾಗಿಲ್' ಆಗುವುದು. ಪದದ ಮೊದಲಿನ ಕನ್ನಡದ ಬಕಾರಕ್ಕೆ ಮಲಯಾಳದಲ್ಲಿ ವಕಾರ ನಿಲ್ಲುವುದು (ಬಯಲು–ವಯಲ್, ಬಾಳೆ–ವಾಳ) ಸೋದರ ಭಾಷೆಗಳ ಸಹಜ ಸಂಬಂಧ. ಎರಡನೆಯದು ಅಂತ್ಯದ ಸೇರ್ಪಡೆ: ಮಲ್ಲ 'ಮಲ್ಲಂ' ಆಗುವುದು, ಮಂಜೇಶ್ವರ 'ಮಂಜೇಶ್ವರಂ' ಆಗುವುದು. ಮೂರನೆಯದು ಅನುವಾದ: ಹೊಸದುರ್ಗ 'ಪುದಿಯಕೋಟ್ಟ'ವಾಗುವುದು, ಊರಹೆಸರಿನ ಕೊನೆಯ 'ಹಿತ್ತಿಲು' ಹೋಗಿ 'ವಳಪ್ಪ್' ಬರುವುದು.

ಮೊದಲ ಎರಡು ಬಗೆಗಳಲ್ಲಿ ಹಳೆಯ ಹೆಸರನ್ನು ಹೊಸದರಲ್ಲಿ ಗುರುತಿಸಬಹುದು. ಮಲಯಾಳ ಮಾತೃಭಾಷೆಯವರು ತಲೆಮಾರುಗಳಿಂದ ಆಡುತ್ತ ಬಂದ ರೂಪಗಳೂ ಇವುಗಳಲ್ಲಿವೆ. ಅವನ್ನು ಆಕ್ರಮಣವೆಂದು ಕರೆಯುವುದು ನ್ಯಾಯವಲ್ಲ. ಮೂರನೆಯ ಬಗೆಯಲ್ಲಾದರೋ ದಾಖಲೆಯ ಎಳೆ ಕಡಿಯುತ್ತದೆ. 1956ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದ ಮೂಲಗೇಣಿ ಚೀಟು, ಪಾಲುಪತ್ರಗಳನ್ನು ಕನ್ನಡದಲ್ಲಿ ಬರೆಸಿ ಪೆಟ್ಟಿಗೆಯಲ್ಲಿಟ್ಟ ಮನೆಗಳು ಎಷ್ಟೋ ಇವೆ. ಚೀಟಿನ 'ಹಿತ್ತಿಲು' ಇಂದಿನ ಕಾಗದದಲ್ಲಿ 'ವಳಪ್ಪ್' ಆಗಿದ್ದರೆ, ಎರಡೂ ಒಂದೇ ನೆಲವೆಂದು ತೋರಿಸಿಕೊಡುವ ಹೊಣೆ ಬೀಳುವುದು ಆ ಮನೆಯವರ ಮೇಲೆ. ಎರಡು ಭಾಷೆ ಬಲ್ಲ ಹಿರಿಯರು ಇರುವ ತನಕ ಇದು ಕಷ್ಟವಲ್ಲ. ಮೊಮ್ಮಕ್ಕಳು ಕನ್ನಡ ಲಿಪಿಯನ್ನೇ ಓದಲಾರದ ದಿನ ಬಂದರೆ ಚೀಟು ಬರಿಯ ಕಾಗದವಾಗಿ ಉಳಿಯುತ್ತದೆ.

ಕಾನೂನಿನ ಆಸರೆ ಇಲ್ಲವೆಂದಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಏರ್ಪಾಡನ್ನು ಹೇಳುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದುದು 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ. ರಾಜ್ಯದ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಬಳಸದಿದ್ದರೆ ಅವಕಾಶವು ಪುಸ್ತಕದಲ್ಲಿಯೇ ಉಳಿಯುತ್ತದೆ. ಹೆಸರುಗಳ ವಿಷಯದಲ್ಲಿಯೂ ಹಾಗೆಯೇ.

ನಡಿಗೆಯ ಕೊನೆ ಕಡಲ ಬದಿಯ ನೆಲ್ಲಿಕುಂಜ. ಅರ್ಧ ದಿನದ ಈ ದಾರಿಯನ್ನು ವಿದ್ಯಾರ್ಥಿಗಳೊಡನೆ ನಡೆಯುವ ಅಧ್ಯಾಪಕರು ಪ್ರತಿಯೊಬ್ಬರ ಕೈಯಲ್ಲೂ ಒಂದು ಪಟ್ಟಿಯನ್ನು ಕೊಡಬಹುದು. ಅದರಲ್ಲಿ ನಾಲ್ಕು ಕಂಬಸಾಲುಗಳು ಸಾಕು: ಫಲಕದಲ್ಲಿ ಬರೆದ ರೂಪ, ಯಾವ ಯಾವ ಲಿಪಿಯಲ್ಲಿ ಎಂಬುದರ ಸಹಿತ, ಬೇರೆ ಬೇರೆ ಮಾತೃಭಾಷೆಯವರ ಬಾಯಲ್ಲಿ ಕೇಳಿದ ರೂಪ, ಹಳೆಯ ಪತ್ರದಲ್ಲಿ ಕಂಡ ರೂಪ, ಹೆಸರಿಗೆ ಊರವರು ಹೇಳುವ ಅರ್ಥ. ಎರಡನೆಯದನ್ನು ತುಂಬುವಾಗ ಮನೆ ಜಗಲಿಯ ಅಜ್ಜಿಯನ್ನೂ ಮೀನು ಮಾರುವವರನ್ನೂ ಆಟೊ ಓಡಿಸುವವರನ್ನೂ ಕೇಳಬೇಕು. ಯಾವ ರೂಪ ಸರಿಯೆಂದು ಅವರಲ್ಲಿ ವಾದಿಸಬಾರದು. ಮೂರನೆಯದಕ್ಕೆ ಮನೆಯವರ ಒಪ್ಪಿಗೆ ಪಡೆದು ಊರಹೆಸರನ್ನಷ್ಟೇ ಬರೆದುಕೊಳ್ಳಬೇಕು.

ಇಂಥ ಪಟ್ಟಿಗಳು ಹತ್ತು ವರ್ಷ ಸೇರುತ್ತ ಹೋದರೆ, ಮುಂದೊಮ್ಮೆ ಹೆಸರಿನ ಪ್ರಶ್ನೆ ಎದ್ದಾಗ ಎರಡೂ ಕಡೆಯವರ ಮುಂದೆ ಇಡಲು ನಮ್ಮಲ್ಲಿ ಆವೇಶಕ್ಕಿಂತ ಗಟ್ಟಿಯಾದುದು ಏನಾದರೂ ಇರುತ್ತದೆ. ಮೊದಲ ಪಟ್ಟಿಯನ್ನು ಈ ಮಳೆಗಾಲ ಮುಗಿಯುತ್ತಲೇ ಚಂದ್ರಗಿರಿಯ ಗುಡ್ಡದ ಮೇಲಿನಿಂದ ಆರಂಭಿಸಬಹುದು.