ಸಾಲ್ಮನ್ ಮೀನಿಗಾದರೂ ತವರುಂಟು!

ಚೊಚ್ಚಲ ಬಸಿರಿನಲ್ಲಿ ನಾನು ಮಹಾರಾಣಿ. ಸುಸ್ತು ಅಂದರೆ ಮಲಗುತ್ತಿದ್ದೆ. ಒಗ್ಗರಣೆ ವಾಸನೆ ಆಗುವುದಿಲ್ಲ ಅಂದರೆ ನಮ್ಮವರು ಇಂಡಕ್ಷನ್ ಒಲೆಯನ್ನು ಬಾಲ್ಕನಿಗೆ ಹೊತ್ತೊಯ್ದು, ರೆಂಟನ್ನಿನ ಮಳೆಯಲ್ಲೇ ಸಾರು ಮಾಡುತ್ತಿದ್ದರು. ಎರಡನೇ ಬಸಿರಿನಲ್ಲಿ? ಎರಡೂಕಾಲು ವರ್ಷದ ಮಗನೊಬ್ಬ ಕಾಲಿಗೆ ಜೋತುಬಿದ್ದಿರುತ್ತಾನೆ. ನಾನು ಬಚ್ಚಲಿನಲ್ಲಿ ಬಗ್ಗಿ ನಿಂತಿದ್ದರೆ ಅವನಿಗೆ ಅದು ಕುದುರೆ ಆಟ!

ಸೆಪ್ಟೆಂಬರ್ ಮೊದಲ ವಾರ, ನನಗೆ ಹತ್ತನೇ ವಾರ ನಡೆಯುತ್ತಿದ್ದಾಗ, ಮೈಸೂರಿನಿಂದ ಫೋನ್ ಬಂತು. ಮಾವನವರಿಗೆ ಪಾರ್ಶ್ವವಾಯು, ಬಲಗೈ ಬಲಗಾಲು ಎರಡೂ ಬಿದ್ದುಹೋಗಿದೆ. ನಮ್ಮವರು ಒಬ್ಬನೇ ಮಗ, ಅತ್ತೆಗೆ ಎಪ್ಪತ್ತು ದಾಟಿದೆ. ಹೋಗಬೇಡಿ ಅನ್ನುವ ಮಾತೇ ಇರಲಿಲ್ಲ, ನಾನೇ ಸೂಟ್‌ಕೇಸ್ ತುಂಬಿಸಿದೆ. ಮೂರು ವಾರಕ್ಕೆಂದು ಹೋದವರು ತಿರುಗಿ ಬಂದಿದ್ದು ಹನ್ನೊಂದು ವಾರಕ್ಕೆ. ಆ ಹನ್ನೊಂದು ವಾರಗಳ ಕಥೆ ಇದು. ಇಂಥದ್ದು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಆಗಿರುತ್ತದೆ, ಆದರೆ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ನಾವ್ಯಾರೂ ಇದನ್ನು ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಸುರಿಯ ವಾಂತಿಗೆ ಇಂಗ್ಲಿಷಿನವರು ಬೆಳಗಿನ ಕಾಯಿಲೆ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರಾರೋ ಗಂಡಸೇ ಇರಬೇಕು! ನನಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎನ್ನುವ ಭೇದವೇ ಇರಲಿಲ್ಲ. ಅಮ್ಮ ಶಿವಮೊಗ್ಗದಿಂದ ಫೋನಿನಲ್ಲಿ ಶುಂಠಿ, ಜೀರಿಗೆ ಕಷಾಯ, ನಿಂಬೆಹಣ್ಣಿನ ಪಾನಕ ಎಲ್ಲ ಹೇಳಿದರು. ಶುಂಠಿ ಸ್ವಲ್ಪ ಹಿಡಿಸಿತು. ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಒಣ ಅವಲಕ್ಕಿ. ಹಾಸಿಗೆಯಿಂದ ಏಳುವ ಮುಂಚೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಹತ್ತು ನಿಮಿಷ ಅಲುಗದೆ ಮಲಗಿರಬೇಕು. ಅದೇನೋ ಸರಿ, ಆದರೆ ಹತ್ತು ನಿಮಿಷ ಅಲುಗದೆ ಮಲಗಿರಲು ಪಕ್ಕದಲ್ಲಿ ಪುಟ್ಟ ಇರಬಾರದಲ್ಲ?

ಡಾಕ್ಟರು ಬಿ6 ಜೀವಸತ್ವ ಮತ್ತು ಡಾಕ್ಸಿಲಮೈನ್ ಸೇರಿದ ಮಾತ್ರೆ ಬರೆದುಕೊಟ್ಟರು. ಮಾತ್ರೆ ಅಂದ ಕೂಡಲೇ ನಮ್ಮ ಜನ ಬೆಚ್ಚುತ್ತಾರೆ, ನಾನೂ ಬೆಚ್ಚಿದೆ. ಇಂಜಿನಿಯರ್ ಬುದ್ಧಿ ಬಿಡುವುದಿಲ್ಲ ನೋಡಿ, ಇದರ ಚರಿತ್ರೆಯನ್ನೆಲ್ಲ ಓದಿದೆ. ಈ ಜೋಡಿ ಸೇರಿದ್ದ ಮದ್ದು 1956ರಿಂದ ಅಮೆರಿಕದಲ್ಲಿ ಬೆಂಡೆಕ್ಟಿನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಮಗುವಿಗೆ ಅಂಗದೋಷ ಬರುತ್ತದೆ ಎಂದು ಸಾಲುಸಾಲು ದಾವೆಗಳು ಬಿದ್ದು, 1983ರಲ್ಲಿ ಕಂಪನಿಯವರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆಮೇಲೆ ಎಷ್ಟು ಅಧ್ಯಯನ ಮಾಡಿದರೂ ಆ ದೋಷಕ್ಕೂ ಮಾತ್ರೆಗೂ ಸಂಬಂಧ ಕಾಣಲಿಲ್ಲ. 2013ರಲ್ಲಿ ಅಮೆರಿಕದ ಔಷಧ ಇಲಾಖೆ ಹೊಸ ಹೆಸರಿನಲ್ಲಿ ಅದಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ನಡುವಿನ ಮೂವತ್ತು ವರ್ಷ ಇಲ್ಲಿನ ಬಸುರಿಯರು ಸುಮ್ಮನೆ ವಾಂತಿ ಮಾಡಿಕೊಂಡಿದ್ದರು, ಅಷ್ಟೇ. ಮಾತ್ರೆ ನನಗೆ ಕೆಲಸ ಮಾಡಿತು. ಆದರೆ ಅದಕ್ಕೆ ನಿದ್ದೆ ಬರಿಸುವ ಗುಣ ಇದೆ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ಅದು ವರ. ಬೆಳಿಗ್ಗೆ ಐದೂವರೆಗೆ ಮಗ ಎದ್ದು ಬಂದು ಕಣ್ಣುರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡುವ ಮನೆಯಲ್ಲಿ? ಎರಡು ದಿನ ಮಂಪರಿನಲ್ಲಿ ಒಲೆಯ ಪಕ್ಕ ಓಡಾಡಿದ ಮೇಲೆ ಹೆದರಿಕೆಯಾಗಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟುಬಿಟ್ಟೆ. ತಪ್ಪು ಮಾಡಿದೆ.

ಮಾತ್ರೆ ಬಿಟ್ಟ ಮೂರನೇ ದಿನಕ್ಕೆ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂತ್ರ ಗಾಢ ಕಂದು ಬಣ್ಣ, ಎದ್ದು ನಿಂತರೆ ತಲೆ ಗಿರ್ರೆನ್ನುವುದು. ನರ್ಸ್ ಲೈನಿಗೆ ಫೋನ್ ಮಾಡಿದರೆ ಆಕೆ, ಬಸುರಿಯರಿಗೆ ಇದೆಲ್ಲ ಮಾಮೂಲು, ಚೂರುಚೂರೇ ನೀರು ಕುಡಿಯಿರಿ ಅಂದಳು. ಸಂಜೆ ಮತ್ತೆ ಮಾಡಿದೆ. ಆಗ ಬೇರೆ ನರ್ಸ್ ಸಿಕ್ಕಳು. ಎಂಟು ಗಂಟೆಯಿಂದ ಮೂತ್ರ ಹೋಗಿಲ್ಲ ಎಂದು ಕೇಳಿಸಿಕೊಂಡ ತಕ್ಷಣ, ಈಗಲೇ ಎಮರ್ಜೆನ್ಸಿಗೆ ಹೊರಡಿ ಅಂದಳು.

ಹೊರಡಿ ಅಂದರೆ ಹೇಗೆ? ರಾತ್ರಿ ಒಂಬತ್ತೂವರೆ, ಪುಟ್ಟ ನಿದ್ದೆ ಹೋಗಿದ್ದಾನೆ, ತಲೆ ಸುತ್ತುತ್ತಿರುವಾಗ ಕಾರು ಓಡಿಸುವ ಹಾಗಿಲ್ಲ. ಮೈಸೂರಿನಲ್ಲಿ ಆಗ ಬೆಳಿಗ್ಗೆ ಹತ್ತು. ನಮ್ಮವರ ಹೆಸರು ಒತ್ತಿ, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದೆ. ಅವರಾದರೂ ಅಲ್ಲಿಂದ ಏನು ಮಾಡಿಯಾರು? ದಿನವೂ ವಾಟ್ಸಾಪಿನಲ್ಲಿ "ಟಿಕೆಟ್ ನೋಡ್ಲಾ?" ಎಂದು ಅವರು ಕೇಳುವುದು, "ನಾನು ಆರಾಮಾಗಿದ್ದೀನಿ, ಮಾವನ್ನ ನೋಡ್ಕೊಳ್ಳಿ" ಎಂದು ನಾನು ಹೇಳುವುದು. ಕ್ಯಾಮೆರಾ ಮುಂದೆ ಕೂರುವ ಮುಂಚೆ ತಲೆ ಬಾಚಿ, ಬಿಂದಿ ಇಟ್ಟುಕೊಳ್ಳುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ.

ಫೋನಿನಲ್ಲಿದ್ದ ಹೆಸರುಗಳನ್ನು ನೋಡುತ್ತಾ ಕುಳಿತೆ. ಎಲ್ಲರೂ ಸ್ನೇಹಿತರೇ. ಎಲ್ಲರಿಗೂ ನಾಳೆ ಆಫೀಸು, ಮಕ್ಕಳಿಗೆ ಸ್ಕೂಲು. ಯಾಕೆ ಸುಮ್ಮನೆ ತೊಂದರೆ ಕೊಡುವುದು ಎನ್ನುವ ರೋಗ ನಮಗೆಲ್ಲ ಇದೆ ಅಲ್ಲವೆ? ಕೊನೆಗೆ ಕೆಂಟ್‌ನಲ್ಲಿರುವ ದಾವಣಗೆರೆ ಕಡೆಯ ಒಬ್ಬ ಆಂಟಿಗೆ ಮೆಸೇಜ್ ಮಾಡಿದೆ. ಅವರನ್ನು ಸಂಘದ ಕಾರ್ಯಕ್ರಮದಲ್ಲಿ ನೋಡಿದ್ದು ಎರಡೇ ಸಲ. ಒಂದು ಸಲ ಒಟ್ಟಿಗೆ ಪಾತ್ರೆ ತೊಳೆದಿದ್ದೆವು, ಆ ಸಲಿಗೆ. ಇಪ್ಪತ್ತೈದು ನಿಮಿಷದಲ್ಲಿ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ. "ಏನಮ್ಮಾ, ಒಂದು ಫೋನ್ ಮಾಡಾಕ ಮೂರು ದಿನ ಬೇಕಾತೇನು?" ಎಂದು ಬೈದುಕೊಂಡೇ ಒಳಗೆ ಬಂದರು. ಅಂಕಲ್ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು, ಆಂಟಿ ಪುಟ್ಟನ ಪಕ್ಕ ಮಲಗಿದರು. ಎರಡು ಬಾಟಲಿ ಡ್ರಿಪ್ ಹತ್ತಿಸಿದ ಮೇಲೆ ಲೋಕ ಮತ್ತೆ ನೇರವಾಗಿ ನಿಂತಿತು. ಸ್ಕ್ಯಾನ್‌ನಲ್ಲಿ ಒಳಗಿನ ಮಗು ಕೈ ಬೀಸುತ್ತಿತ್ತು. ಬೆಳಿಗ್ಗೆ ಮನೆಗೆ ಬಂದರೆ ಪುಟ್ಟ ಆಂಟಿಯ ಮಡಿಲಲ್ಲಿ ಕುಳಿತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ!

ನಮ್ಮವರಿಗೆ ಅವತ್ತೇ ಎಲ್ಲ ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಮಾತೇ ಇಲ್ಲ. ಆಮೇಲೆ "ಇನ್ನು ಮೇಲೆ ಬಿಂದಿ ಇಡದೆ ಫೋನ್ ಮಾಡು" ಅಂದರು. ಗೊತ್ತಿತ್ತು ಹಾಗಾದರೆ.

ವಾಂತಿ ಯಾಕೆ ಬರುತ್ತದೆ ಎನ್ನುವುದಕ್ಕೆ ಈಚೆಗಷ್ಟೇ ಗಟ್ಟಿ ಉತ್ತರ ಸಿಕ್ಕಿದೆ. ಜಿಡಿಎಫ್15 ಎಂಬ ಹಾರ್ಮೋನು ಬಸಿರಿನಲ್ಲಿ ಏರುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇರುತ್ತದೋ ಅವರಿಗೆ ಈ ಏರಿಕೆ ತಡೆಯುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಸಂಶೋಧನೆಯ ಹಿಂದೆ ಮಾರ್ಲೀನಾ ಫೆಜ್ಜೊ ಎಂಬ ತಳಿವಿಜ್ಞಾನಿ ಇದ್ದಾರೆ. ಆಕೆ ಸ್ವತಃ 1999ರಲ್ಲಿ ಇದೇ ತೀವ್ರ ವಾಂತಿಯಿಂದ ಬಳಲಿ, ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡವರು. ಎಲ್ಲಾ ಮನಸ್ಸಿನ ಭ್ರಮೆ, ನಾವೇನು ಹೆತ್ತಿಲ್ಲವೆ ಎನ್ನುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ಪ್ಯಾರಾ ಓದಿ ಹೇಳಿ.

ಅಕ್ಟೋಬರ್‌ನಲ್ಲಿ ವಾಂತಿ ಇಳಿಮುಖವಾಯಿತು. ಡಾಕ್ಟರು ಮಾತ್ರೆಯ ಹೊತ್ತು ಬದಲಾಯಿಸಿದ್ದೂ ಅನುಕೂಲವಾಯಿತು (ಕೇಳಿದ್ದರೆ ಮೊದಲೇ ಬದಲಾಯಿಸುತ್ತಿದ್ದರು). ಪುಟ್ಟನನ್ನು ಕರೆದುಕೊಂಡು ಲೈಬ್ರರಿಗೆ ಹೋಗಲು ಶುರು ಮಾಡಿದೆ. ನಮ್ಮ ರೆಂಟನ್ ಲೈಬ್ರರಿ ನೋಡಿದ್ದೀರಲ್ಲ? 1966ರಲ್ಲಿ ಸೀಡರ್ ನದಿಯ ಮೇಲೆಯೇ, ಸೇತುವೆಯ ಹಾಗೆ ಕಟ್ಟಿದ್ದು. ಆ ಹೊತ್ತಿಗೆ ಕೆಳಗೆ ನೀರಿನಲ್ಲಿ ಕೆಂಪು ಸಾಕೈ ಸಾಲ್ಮನ್ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜುತ್ತಿರುತ್ತವೆ. ಸಮುದ್ರದಿಂದ ಬಂದು, ತಾವು ಹುಟ್ಟಿದ ನೀರನ್ನೇ ಹುಡುಕಿಕೊಂಡು ಮೊಟ್ಟೆಯಿಡಲು ಹೋಗುವವು.

"ಅಮ್ಮಾ, ಮೀನು ಎಲ್ಲಿ ಹೋಗ್ತಿದೆ?"

"ತವರಿಗೆ ಕಂದಾ."

ಹೇಳಿದೆನೋ ಇಲ್ಲವೋ, ಕಣ್ಣಲ್ಲಿ ನೀರು ದಳದಳ! ಪಕ್ಕದಲ್ಲಿದ್ದ ಅಮೆರಿಕನ್ ಅಜ್ಜಿ ಏನಾಯಿತೋ ಎಂದು ಟಿಶ್ಯೂ ಕೊಟ್ಟರು. ಮೀನು ತವರಿಗೆ ಹೋಗುತ್ತಿದೆ ಎಂದು ಅಳುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಅಮ್ಮನಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು, ಬರುವ ಹಾಗಿರಲಿಲ್ಲ. (ಮೊಟ್ಟೆಯಿಟ್ಟ ಮೇಲೆ ಆ ಮೀನು ಸತ್ತೇಹೋಗುತ್ತದೆ ಎಂದು ಅಲ್ಲಿನ ಫಲಕದಲ್ಲಿತ್ತು. ಆ ಭಾಗ ಓದದೆ ಮುಂದೆ ಹೋದೆ.)

ವಾಂತಿ ಹೋಯಿತು ಅನ್ನುವಷ್ಟರಲ್ಲಿ ಸೊಂಟ ಹಿಡಿಯಿತು. ಬಸಿರಿನಲ್ಲಿ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಎರಡನೇ ಸಲ ಅದು ಬೇಗ ಕಾಣಿಸಿಕೊಳ್ಳಬಹುದಂತೆ. ನನಗೆ ಹದಿನೆಂಟನೇ ವಾರಕ್ಕೇ ಒಂದು ಕಾಲಿನ ಮೇಲೆ ನಿಂತು ಪ್ಯಾಂಟ್ ಹಾಕಿಕೊಳ್ಳುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಎರಡೂ ಪ್ರಾಣಸಂಕಟ. ಫಿಸಿಯೋಥೆರಪಿಯವರ ಮೊದಲ ಪ್ರಶ್ನೆ, ಮಗನನ್ನು ಹೇಗೆ ಎತ್ತಿಕೊಳ್ಳುತ್ತೀರಿ? ತೋರಿಸಿದೆ. ನಮ್ಮ ಕಡೆ ಹೆಂಗಸರು ಎತ್ತಿಕೊಳ್ಳುವುದು ಹೇಗೆ, ಸೊಂಟವನ್ನು ಒಂದು ಕಡೆ ವಾಲಿಸಿ, ಕಂಕುಳಲ್ಲಿ! ಆಕೆ ತಲೆ ಮೇಲೆ ಕೈ ಹೊತ್ತುಕೊಳ್ಳುವುದೊಂದು ಬಾಕಿ. ಅದೇ ನೋವಿನ ಮೂಲ. ಕೂತು ಬಟ್ಟೆ ಹಾಕಿಕೊಳ್ಳಿ, ಮಗ್ಗುಲು ಬದಲಿಸುವಾಗ ಎರಡೂ ಮಂಡಿ ಜೋಡಿಸಿಕೊಂಡು ಹೊರಳಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ, ಮಗು ಬೇಕೆಂದರೆ ನೀವು ಕೆಳಗೆ ಕೂತುಕೊಳ್ಳಿ, ಅವನು ಹತ್ತಿ ಬರಲಿ ಅಂದರು. ಹೊಟ್ಟೆಯ ಕೆಳಗೆ ಕಟ್ಟುವ ಒಂದು ಬೆಲ್ಟೂ ಕೊಟ್ಟರು.

ಹೇಳುವುದು ಸುಲಭ. ಕಾರ್ ಸೀಟಿನ ಕಥೆ ಕೇಳಿ. ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ನಾಲ್ಕು ವರ್ಷದವರೆಗೆ ಮಗು ಬೆಲ್ಟಿನ ಕಾರ್ ಸೀಟಿನಲ್ಲೇ ಇರಬೇಕು. ಇಪ್ಪತ್ತೆಂಟು ಪೌಂಡಿನ ಮಗನನ್ನು ಎತ್ತಿ ಕೂರಿಸುವುದು ಬಿಟ್ಟು, ಅವನೇ ಹತ್ತುವುದನ್ನು ಕಲಿಸಿದೆ. ಮೊದಲ ದಿನ ಹನ್ನೊಂದು ನಿಮಿಷ, ಮಳೆಯಲ್ಲಿ. ಆಫೀಸಿನ ಮೀಟಿಂಗ್ ಶುರುವಾಗಿ, ನನ್ನ ಜೇಬಿನಿಂದ ಮ್ಯಾನೇಜರ್ ಧ್ವನಿ ಬರುತ್ತಿತ್ತು. ಒಂದು ದಿನ ತಾಳ್ಮೆ ತಪ್ಪಿ ಗದರಿಬಿಟ್ಟೆ, ಎಂದೂ ಗದರದಷ್ಟು ಜೋರಾಗಿ. ಪುಟ್ಟ ಅಳಲಿಲ್ಲ. ಮನೆಗೆ ಬಂದವನೇ ನನ್ನ ವಾಂತಿ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು "ಅಮ್ಮ ವ್ಯಾಕ್?" ಎಂದು ಬೆನ್ನು ತಟ್ಟಿದ. ಅಮ್ಮ ಸರಿಯಿಲ್ಲ ಅಂದರೆ ಅದೊಂದೇ ಔಷಧ ಅವನಿಗೆ ಗೊತ್ತಿದ್ದದ್ದು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ವಾಷಿಂಗ್ಟನ್ ರಾಜ್ಯದ ಸಂಬಳ ಸಹಿತ ಕುಟುಂಬ ಮತ್ತು ವೈದ್ಯಕೀಯ ರಜೆ 2020ರಿಂದ ಸಿಗುತ್ತಿದೆ. ಅದು ಹೆರಿಗೆ ಆದ ಮೇಲೆ ಮಾತ್ರ ಎಂದು ನಾನು ತಿಳಿದುಕೊಂಡಿದ್ದೆ. ಹಾಗಲ್ಲ. ಬಸಿರಿನಲ್ಲಿ ಡಾಕ್ಟರು ಬರೆದುಕೊಟ್ಟರೆ ಆಗಲೂ ಸಿಗುತ್ತದೆ, ಬಿಡಿಬಿಡಿ ದಿನಗಳಾಗಿಯೂ ತೆಗೆದುಕೊಳ್ಳಬಹುದು. ಅದಕ್ಕೆ ಮುಂಚಿನ ಸುಮಾರು ಒಂದು ವರ್ಷದಲ್ಲಿ 820 ಗಂಟೆ ಕೆಲಸ ಮಾಡಿರಬೇಕು. ಸಾಮಾನ್ಯವಾಗಿ 12 ವಾರ, ಹೆರಿಗೆಯ ಚೇತರಿಕೆ ಮತ್ತು ಮಗುವಿನ ಆರೈಕೆ ಸೇರಿದರೆ 16, ಬಸಿರಿನ ತೊಡಕಿದ್ದರೆ 18. ತಂದೆ ತಾಯಿಯ ತೀವ್ರ ಕಾಯಿಲೆಗೂ ಇದೇ ರಜೆ ಇದೆ. ಇಷ್ಟು ವರ್ಷ ಸಂಬಳದ ಚೀಟಿಯಲ್ಲಿ ಅದರ ಕಂತು ಕಡಿತವಾಗುತ್ತಿದ್ದರೂ, ಏನೆಂದು ನಾವು ನೋಡಿಯೇ ಇರಲಿಲ್ಲ! ನಾನು ವಾರಕ್ಕೆರಡು ದಿನ ರಜೆ ತೆಗೆದುಕೊಂಡೆ. ಆ ಎರಡು ದಿನವೂ ಪುಟ್ಟನನ್ನು ಡೇಕೇರ್‌ಗೇ ಬಿಟ್ಟು ಮಲಗಿದೆ. ಮೊದಲ ವಾರ ಪಾಪಪ್ರಜ್ಞೆ, ಎರಡನೇ ವಾರ ಒಳ್ಳೆಯ ನಿದ್ದೆ.

ಒಬ್ಬರೇ ಇರುವ ಬಸುರಿಯರಿಗೆ ಒಂದು ಮಾತು. ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಂಜು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ರಕ್ತ ಕಾಣಿಸುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವು ಸಹಿಸಿಕೊಳ್ಳುವ ಬಾಧೆಗಳಲ್ಲ. ಕೂಡಲೇ ಫೋನ್ ಮಾಡಿ, ಮೊದಲ ನರ್ಸ್ ಮಾಮೂಲು ಅಂದರೆ ಎರಡನೇ ಸಲ ಮಾಡಿ. ಮನಸ್ಸು ಕುಸಿದಾಗ ಮಾತಾಡಲು ತಾಯಂದಿರಿಗಾಗಿಯೇ 2022ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ ಇದೆ, 1-833-852-6262, ಹಗಲು ರಾತ್ರಿ ಯಾವಾಗಲಾದರೂ. ನಾನು ಒಂದು ಸಲ ಮಾಡಿದ್ದೇನೆ. ಮೀನು ನೋಡಿ ಅತ್ತ ದಿನ.

ನವೆಂಬರ್ ಕೊನೆಗೆ ನಮ್ಮವರು ಬಂದರು. ಮಾವನವರು ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಾರೆ. ಅವರನ್ನು ಬಿಟ್ಟು ಬಂದ ಸಂಕಟ ನಮ್ಮವರ ಮುಖದಲ್ಲಿ ಈಗಲೂ ಇದೆ, ನಾವಿಬ್ಬರೂ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ನನಗೀಗ ಮೂವತ್ತನೇ ವಾರ. ಅಮ್ಮ ಮಾರ್ಚ್‌ನಲ್ಲಿ ಬರುತ್ತಿದ್ದಾರೆ, ಬಾಣಂತನದ ಪುಡಿಗಳ ಪಟ್ಟಿ ದಿನಕ್ಕೊಂದು ಗೇಣು ಉದ್ದವಾಗುತ್ತಿದೆ.

ಶನಿವಾರ ಕೆಂಟ್‌ನ ಆಂಟಿ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಪುಟ್ಟ ಅವರ ಕೈ ಹಿಡಿದು ರೈಲು ತೋರಿಸಲು ಎಳೆದುಕೊಂಡು ಹೋದ. ಬೋಯಿಂಗ್ 737ರ ಹಸಿರು ಬಣ್ಣದ ಒಡಲುಗಳು ಕ್ಯಾನ್ಸಸ್‌ನ ವಿಚಿಟಾದಿಂದ ರೈಲಿನ ಮೇಲೆ ನಮ್ಮ ರೆಂಟನ್ ಕಾರ್ಖಾನೆಗೆ ಬರುತ್ತವಲ್ಲ, ರೆಕ್ಕೆಯಿಲ್ಲದೆ, ಬಾಲವಿಲ್ಲದೆ? ಅದನ್ನು ತೋರಿಸಿ ಆಂಟಿಗೆ ಹೇಳುತ್ತಿದ್ದನಂತೆ: "ಅದೂ ಪಾಪು. ಇನ್ನೂ ಹುಟ್ಟಿಲ್ಲ."