ಅಧಿಕಾರವಿಲ್ಲದ ಅಧಿಕಾರಿ
ಹೊರೇಸ್ ಮ್ಯಾನ್ ಅವರ ವಿದ್ಯಾಸೇವೆ

ಪಾಠಶಾಲೆಯ ಸೇವೆಗಾಗಿ ಶಾಸನಸಭೆಯ ಉನ್ನತ ಪೀಠವನ್ನು ತೊರೆದವರು ಲೋಕದಲ್ಲಿ ವಿರಳ. ಅಂತಹವರ ಸಾಲಿನಲ್ಲಿ ಅಮೆರಿಕೆಯ ಹೊರೇಸ್ ಮ್ಯಾನ್ ಅವರು ಅಗ್ರಗಣ್ಯರು. ದುಡಿಯುತ್ತಲೇ ಓದಬೇಕಾದ ನಮ್ಮ ಬಾಂಧವರಿಗೆ ಅವರ ಚರಿತ್ರೆ ಪರಕೀಯವಾಗಿ ತೋರದೆಂದು ನಂಬಿ ಇಲ್ಲಿ ನಿರೂಪಿಸುತ್ತೇವೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರ್ಯಾಂಕ್ಲಿನ್ ಎಂಬ ಊರಿನ ಒಕ್ಕಲು ಮನೆತನದಲ್ಲಿ 1796ರಲ್ಲಿ ಅವರು ಜನಿಸಿದರು. ಹದಿಮೂರನೆಯ ವಯಸ್ಸಿಗೆ ಪಿತೃವಿಯೋಗವಾಯಿತು. ಹುಲ್ಲು ಹೆಣೆದು ಗಳಿಸಿದ ಕಾಸಿನಲ್ಲಿ ಬಾಲಕನು ಶಾಲೆಯ ಪುಸ್ತಕಗಳನ್ನು ಕೊಂಡನು. ಶಾಲೆಯಾದರೋ ವರ್ಷಕ್ಕೆ ಕೆಲವೇ ವಾರಗಳು! ಉಳಿದ ವಿದ್ಯೆಯನ್ನು ಊರಿನ ಪುಸ್ತಕಭಂಡಾರವೇ ಕಲಿಸಿತು. ಆ ಗ್ರಂಥಗಳನ್ನು ದಾನವಿತ್ತವರು ಸುಪ್ರಸಿದ್ಧ ಬೆಂಜಮಿನ್ ಫ್ರ್ಯಾಂಕ್ಲಿನ್ ಅವರು.

1819ರಲ್ಲಿ ಬ್ರೌನ್ ವಿದ್ಯಾಪೀಠದ ಪದವಿ ಪಡೆದು ಮ್ಯಾನ್ ಅವರು ವಕೀಲರಾದರು. 1827ರಲ್ಲಿ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ, 1836ರಲ್ಲಿ ಮೇಲ್ಮನೆಯ ಅಧ್ಯಕ್ಷರಾದರು. ಮರುವರ್ಷವೇ ಆ ಪದವಿಯನ್ನೂ ಲಾಭದ ವಕೀಲಿಯನ್ನೂ ಬಿಟ್ಟು, ಹೊಸದಾಗಿ ಸ್ಥಾಪಿತವಾದ ವಿದ್ಯಾಮಂಡಲಿಯ ಪ್ರಥಮ ಕಾರ್ಯದರ್ಶಿಯಾದರು. ಶಾಲೆಗಳ ಆಡಳಿತವೆಲ್ಲ ಊರೂರಿನ ಸಮಿತಿಗಳ ಕೈಯಲ್ಲಿತ್ತು. ಅವುಗಳಿಗೆ ಆಜ್ಞೆ ಮಾಡುವ ಅಧಿಕಾರ ಕಾರ್ಯದರ್ಶಿಗೆ ಇರಲಿಲ್ಲ. ವಿಷಯ ಸಂಗ್ರಹಿಸಿ, ವರದಿ ಬರೆದು, ಜನರ ಮನವೊಲಿಸುವುದಷ್ಟೇ ಅವರ ಕೆಲಸ.

ಆದರೆ ಆ ಕೆಲಸವನ್ನೇ ಅವರು ಅಸ್ತ್ರವಾಗಿಸಿಕೊಂಡರು. ಕುದುರೆಯೇರಿ ಊರೂರು ಸುತ್ತಿ, ಗಾಳಿ ಬೆಳಕಿಲ್ಲದ ಶಾಲೆಗಳನ್ನು ಕಣ್ಣಾರೆ ಕಂಡು, ಕಂಡುದನ್ನು ನಿರ್ದಾಕ್ಷಿಣ್ಯವಾಗಿ ಪ್ರಕಟಿಸಿದರು. 1838ರಲ್ಲಿ ಸಾರ್ವಜನಿಕ ಶಾಲೆಗಳಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿದರು. ಪಿಟ್ಸ್‌ಫೀಲ್ಡ್ ಎಂಬಲ್ಲಿ ಉಪಾಧ್ಯಾಯರ ಸಮ್ಮೇಳನಕ್ಕೆ ಹೋದಾಗ ಶಾಲೆಯನ್ನು ಯಾರೂ ಗುಡಿಸಿರಲಿಲ್ಲ. ಮ್ಯಾನ್ ಅವರೂ ಸಂಸ್ಥಾನದ ಗವರ್ನರ್ ಬ್ರಿಗ್ಸ್ ಅವರೂ ಪೊರಕೆ ಹಿಡಿದು ತಾವೇ ಗುಡಿಸಿದರು. ಮೇಜು ಒರೆಸುವ, ನೆಲ ಗುಡಿಸುವ ಕೈಗಳನ್ನು ಕೀಳಾಗಿ ಕಾಣುವವರು ಈ ಪ್ರಸಂಗವನ್ನು ನೆನೆಯಲಿ.

1839ರ ಜುಲೈ 3ರಂದು ಲೆಕ್ಸಿಂಗ್ಟನ್ನಿನಲ್ಲಿ ಉಪಾಧ್ಯಾಯರ ತರಬೇತಿ ಶಾಲೆ ತೆರೆಯಿತು. ಮೊದಲ ದಿನ ಬಂದ ವಿದ್ಯಾರ್ಥಿನಿಯರು ಕೇವಲ ಮೂವರು. ಮರುವರ್ಷ ಮಂಡಲಿಯನ್ನೇ ರದ್ದುಪಡಿಸುವ ಯತ್ನ ಶಾಸನಸಭೆಯಲ್ಲಿ ನಡೆದು, ಸೋತಿತು. ಮಕ್ಕಳಿಗೆ ಹೊಡೆದು ಕಲಿಸುವುದನ್ನು ಅವರು ಖಂಡಿಸಿದಾಗ, ಬಾಸ್ಟನ್ನಿನ 31 ಮಂದಿ ಮುಖ್ಯೋಪಾಧ್ಯಾಯರು 1844ರಲ್ಲಿ ಪುಸ್ತಕವನ್ನೇ ಬರೆದು ಅವರನ್ನು ಎದುರಿಸಿದರು. ಅವರು ಅಳುಕಲಿಲ್ಲ. ಹನ್ನೆರಡು ವರ್ಷಗಳಲ್ಲಿ ಹನ್ನೆರಡು ವರದಿಗಳನ್ನು ಬರೆದರು. ಬಡವ ಬಲ್ಲಿದರ ಅಂತರವನ್ನು ಅಳಿಸಬಲ್ಲ ಸಾಧನ ವಿದ್ಯೆಯೇ ಎಂಬುದು 1848ರ ಕೊನೆಯ ವರದಿಯ ಸಾರ. ಆ ವೇಳೆಗೆ ಶಾಲಾವರ್ಷ ದೀರ್ಘವಾಗಿತ್ತು, ಉಪಾಧ್ಯಾಯರ ವೇತನ ಏರಿತ್ತು.

ಅದೇ ವರ್ಷ ಅವರು ರಾಷ್ಟ್ರದ ಕಾಂಗ್ರೆಸ್ ಸಭೆಯ ಸದಸ್ಯರಾಗಿ, ಅಲ್ಲಿ ಗುಲಾಮಗಿರಿಯನ್ನು ವಿರೋಧಿಸಿದರು. 1853ರಲ್ಲಿ ಓಹಾಯೋ ಸಂಸ್ಥಾನದ ಆಂಟಿಯೋಕ್ ಕಾಲೇಜಿನ ಅಧ್ಯಕ್ಷರಾದರು. 1859ರಲ್ಲಿ ಆ ಹುದ್ದೆಯಲ್ಲಿರುವಾಗಲೇ ದಿವಂಗತರಾದರು.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮವರಲ್ಲಿ ಹಲವರು. ಅವರಿಗೆ ಕಲಿಸಿದವರೂ, ಶಾಲೆಗಾಗಿ ಮನೆಮನೆಗೆ ಹೋಗಿ ಕೈಯೊಡ್ಡಿದವರೂ ದೊಡ್ಡ ಅಧಿಕಾರಸ್ಥರೇನಲ್ಲ. ಒಂದು ಊರಿನ ಶಾಲೆ ಉದ್ಧಾರವಾಗಬೇಕಾದರೆ ಆಜ್ಞೆ ಮಾಡುವವರಿಗಿಂತ, ಬೇಸರಿಸದೆ ಬಾಗಿಲು ತಟ್ಟುವವರು ಬೇಕು. ಅಂತಹವರಿಗೆ ನಾವು ಬಾಗಿಲು ತೆರೆಯೋಣ.