ನೀಲಗಿರಿ ಸೌದೆಯಲ್ಲಿ ಎಣ್ಣೆಯೆಲ್ಲಿದೆ?

ಹಸಿ ನೀಲಗಿರಿ ಸೌದೆಯನ್ನು ನೀರೊಲೆಗೆ ತುರುಕಿದರೆ, ಸ್ವಲ್ಪ ಹೊತ್ತಿಗೆ ಈಚೆ ಚಾಚಿಕೊಂಡ ತುದಿಯಲ್ಲಿ ನೊರೆ ಉಕ್ಕತೊಡಗುತ್ತದೆ. ಜೊತೆಗೆ ಸುಯ್ಯೆನ್ನುವ ಸದ್ದು. ‘ನೋಡಿ, ಎಣ್ಣೆ ಬಿಡ್ತಾ ಇದೆ’ ಎನ್ನುವವರು ಕೋಲಾರ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ.

ಅದು ಬರೀ ನೀರಿನ ಆಟ.

ಬೇರಿನಿಂದ ಎಲೆಗೆ ನೀರೇರಿಸುತ್ತಿದ್ದ ಸೂಕ್ಷ್ಮ ನಾಳಗಳು ಮರ ಕಡಿದ ಮೇಲೂ ಸೌದೆಯ ಉದ್ದಕ್ಕೂ ಉಳಿದಿರುತ್ತವೆ. ಒಲೆಯೊಳಗಿನ ತುದಿ ಕಾದಾಗ ಎದ್ದ ಹಬೆ ಅದೇ ಹಾದಿ ಹಿಡಿದು, ಅಡ್ಡ ಸಿಕ್ಕ ರಸವನ್ನೂ ತಳ್ಳಿಕೊಂಡು ಹೊರಬೀಳುತ್ತದೆ. ಆಗತಾನೇ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಸೌದೆ ಉರಿದು ಕೊಡುವ ಶಾಖದಲ್ಲಿ ಹೆಚ್ಚುಕಡಿಮೆ ಏಳನೇ ಒಂದು ಪಾಲು ಈ ನೀರನ್ನು ಆವಿ ಮಾಡುವುದಕ್ಕೇ ಮುಗಿಯುತ್ತದೆ. ಇನ್ನೂ ದೊಡ್ಡ ನಷ್ಟವೆಂದರೆ ಉರಿಯ ಕಾವು ಇಳಿದು, ಕಟ್ಟಿಗೆ ಬಿಟ್ಟ ಅನಿಲ ಹೊತ್ತಿಕೊಳ್ಳದೆ ಹೊಗೆಯಾಗಿ ಒಲೆ ಊದುವವರ ಕಣ್ಣಿಗೆ ಬರುತ್ತದೆ. ಆದ್ದರಿಂದ ಸೀಳಿ ಒಣಗಿಸಲೇಬೇಕು. ಸೀಳುವುದೂ ಹಸಿ ಇದ್ದಾಗಲೇ ಸುಲಭ. ಒಣಗಿದ ನೀಲಗಿರಿ ಕೊಡಲಿಗೆ ಬಗ್ಗುವುದಿಲ್ಲ.

ಇದೇ ಅನಿಲ ಬಿರುಕಿನಿಂದ ರಭಸವಾಗಿ ಚಿಮ್ಮಿ ಹೊತ್ತಿಕೊಂಡಾಗ ಒಲೆ ಭರ್ರೆನ್ನುತ್ತದೆ. ‘ಒಲೆ ನಕ್ಕಿತು, ನೆಂಟರು ಬರುತ್ತಾರೆ’ ಎಂಬ ನಂಬಿಕೆಯನ್ನು ಇನ್ನಾದರೂ ಬಿಡಬೇಕು. ಒಲೆ ನಕ್ಕೂ ಯಾರೂ ಬಾರದ ದಿನಗಳನ್ನು ಯಾರು ನೆನಪಿಟ್ಟುಕೊಂಡಿದ್ದಾರೆ?

ಎಣ್ಣೆ ಇರುವುದು ಎಲೆಯಲ್ಲಿ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದರೆ ಬೆಳಕು ಹಾಯುವ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ಊಟಿಯ ಭಟ್ಟಿಗಳಲ್ಲಿ ಎಣ್ಣೆ ತೆಗೆಯಲು ಹಂಡೆಗೆ ತುಂಬುವುದೂ ಎಲೆಯನ್ನೇ. ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ತರಗು ಭಗ್ಗನೆ ಉರಿಯುವುದರಲ್ಲಿ ಇದರ ಪಾಲೂ ಇದೆ.

ನೀಲಗಿರಿಯ ತವರಾದ ಆಸ್ಟ್ರೇಲಿಯದಲ್ಲೂ ಕಾಡ್ಗಿಚ್ಚು ಹಬ್ಬುವುದು ಎಲೆ, ತೊಗಟೆಗಳಿಂದ. ಕಾಂಡ ಎಷ್ಟೋ ಸಲ ಹೊರಮೈಯಷ್ಟೇ ಸುಟ್ಟು ಬದುಕುಳಿಯುತ್ತದೆ. ಅಲ್ಲಿನ ರಿಬ್ಬನ್ ಗಮ್ ಮರದ ತೊಗಟೆಯಂತೂ ವಿಸ್ಮಯ! ಉದ್ದುದ್ದ ಪಟ್ಟಿಗಳಾಗಿ ಸುಲಿದು ಜೋತುಬಿದ್ದು, ಒಣಗುತ್ತ ಸುರುಳಿ ಸುತ್ತಿ ಕೊಳವೆಯಾಗುತ್ತದೆ. ಬೆಂಕಿ ತಗುಲಿದರೆ ಬಿಸಿಗಾಳಿ ಅದನ್ನು ಮೇಲಕ್ಕೆತ್ತಿ ಒಯ್ಯುತ್ತದೆ. ಕೊಳವೆಯ ಒಳಗಿನ ಕೆಂಡ ಹಾರುವಾಗಲೂ ಆರುವುದಿಲ್ಲ. 2009ರ ಫೆಬ್ರುವರಿ 7ರಂದು ವಿಕ್ಟೋರಿಯ ರಾಜ್ಯದಲ್ಲಿ 173 ಜನರನ್ನು ಬಲಿ ತೆಗೆದುಕೊಂಡ ಕಾಡ್ಗಿಚ್ಚಿನಲ್ಲಿ, ಹೀಗೆ ಹಾರಿದ ಕೆಂಡಗಳು 30 ಕಿಲೋಮೀಟರಿಗೂ ಆಚೆ ಹೊಸದಾಗಿ ಬೆಂಕಿ ಹಚ್ಚಿದವು.